ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ: ಮನೆಯೊಳಗೆ ಚೆರ್ರಿ ಟೊಮೆಟೊ ಬೆಳೆಯುವ ಬಗೆ

"ಕಿಟಕಿ ಪಕ್ಕ ಚೆರ್ರಿ ಟೊಮೆಟೊ ಇಟ್ಟಿದ್ದೇನೆ. ಗಿಡ ಉದ್ದುದ್ದ ಬೆಳೆದಿದೆ, ಹೂವೂ ಬಿಟ್ಟಿದೆ, ಆದರೆ ಒಂದೂ ಕಾಯಿ ಕಚ್ಚಿಲ್ಲ. ಯಾವ ಗೊಬ್ಬರ ಹಾಕಲಿ?"

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆ ಅಂದರೆ, ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದುಬಿಡೋಣ ಅನಿಸಿತು. ಉತ್ತರ ಗೊಬ್ಬರದಲ್ಲಿ ಇಲ್ಲ. ಹೊಲದಲ್ಲಿ ಟೊಮೆಟೊಗೆ ಬಿಟ್ಟಿಯಾಗಿ ಸಿಗುವ ಎರಡು ವಸ್ತುಗಳು ಮನೆಯೊಳಗೆ ಸಿಗುವುದಿಲ್ಲ. ಒಂದು, ಬೇಕಾದಷ್ಟು ಬೆಳಕು. ಇನ್ನೊಂದು, ಹೂವನ್ನು ಅಲುಗಿಸುವ ಗಾಳಿ ಮತ್ತು ದುಂಬಿ. ಇವೆರಡನ್ನು ನೀವು ಕೈಯಾರೆ ಒದಗಿಸಿದರೆ ಎರಡನೇ ಮಹಡಿಯ ಫ್ಲ್ಯಾಟಿನ ಹಾಲ್‌ನಲ್ಲೂ ಹಣ್ಣು ಬರುತ್ತದೆ. ಒದಗಿಸದಿದ್ದರೆ ಎಷ್ಟು ಗೊಬ್ಬರ ಸುರಿದರೂ ಬರೀ ಎಲೆಯೇ.

ಬಾಲ್ಕನಿಯಲ್ಲಿ, ತಾರಸಿಯಲ್ಲಿ ಬಿಸಿಲು ಇರುವವರು ಅಲ್ಲೇ ಬೆಳೆಯಿರಿ, ಅದು ಇದಕ್ಕಿಂತ ಸುಲಭ. ಇದು ಕಿಟಕಿ ಮತ್ತು ಒಂದು ಮೂಲೆ ಮಾತ್ರ ಇರುವವರಿಗಾಗಿ.

ಹಂತ 1: ಮೊದಲು ಬೆಳಕು ನೋಡಿ, ಆಮೇಲೆ ಬೀಜ ಕೊಳ್ಳಿ

ಟೊಮೆಟೊಗೆ ದಿನಕ್ಕೆ 6ರಿಂದ 8 ತಾಸು ನೇರ ಬಿಸಿಲು ಬೇಕು. "ನಮ್ಮ ಮನೆಯಲ್ಲಿ ಒಳ್ಳೆ ಬೆಳಕಿದೆ" ಅಂತ ಅನೇಕರು ಹೇಳುತ್ತಾರೆ. ನಮ್ಮ ಕಣ್ಣು ಮಂದ ಬೆಳಕಿಗೂ ಹೊಂದಿಕೊಂಡುಬಿಡುತ್ತದೆ, ಹಾಗಾಗಿ ಪೇಪರ್ ಓದುವಷ್ಟು ಬೆಳಕಿದ್ದರೆ ಚೆನ್ನಾಗಿದೆ ಅನಿಸುತ್ತದೆ. ಗಿಡಕ್ಕೆ ಅದು ಸಾಲುವುದಿಲ್ಲ.

ಒಂದು ಸುಲಭ ಪರೀಕ್ಷೆ ಇದೆ. ಗಿಡ ಇಡಬೇಕು ಅಂದುಕೊಂಡ ಜಾಗದಲ್ಲಿ ಬಿಳಿ ಹಾಳೆ ಇಡಿ. ಅದರಿಂದ ಒಂದು ಅಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ಅಂಚು ಸ್ಪಷ್ಟವಾಗಿ ಕಾಣುವ ಗಾಢ ನೆರಳು ಬಿದ್ದರೆ ಆ ಹೊತ್ತಿನ ಬೆಳಕು ಸಾಕು. ಕಲೆಯ ಹಾಗೆ ಮಸುಕು ನೆರಳು ಬಿದ್ದರೆ ಸಾಲದು. ಇದನ್ನು ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ನೋಡಿ. ಮೂರರಲ್ಲಿ ಎರಡು ಸಲವಾದರೂ ಗಾಢ ನೆರಳು ಬೇಕು.

ಇಲ್ಲಿ ಒಂದು ಮುಖ್ಯ ವಿಷಯ. ಅಮೆರಿಕ, ಯುರೋಪಿನವರು ಮಾಡಿದ ವಿಡಿಯೊಗಳಲ್ಲಿ "ದಕ್ಷಿಣದ ಕಿಟಕಿಯೇ ಅತಿ ಉತ್ತಮ" ಅನ್ನುತ್ತಾರೆ. ಅವರ ಊರಿಗೆ ಅದು ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು 'ಶೂನ್ಯ ನೆರಳಿನ ದಿನ' ಅಂತ ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುತ್ತಾರೆ, ಅಲ್ವಾ? ಅವತ್ತು ನಡುಹಗಲು ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಅಂದರೆ ಮೇ, ಜೂನ್, ಜುಲೈನಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬರುವುದೇ ಇಲ್ಲ ಅನ್ನಬಹುದು, ಮೇಲಿನ ಸಜ್ಜಾ ಬೇರೆ ಅಡ್ಡ. ಅದೇ ಕಿಟಕಿ ಅಕ್ಟೋಬರಿನಿಂದ ಫೆಬ್ರವರಿವರೆಗೆ ಬಂಗಾರ. ಬಿಸಿಲು ಕೋಣೆಯೊಳಗೆ ಹಲವು ಅಡಿ ಬರುತ್ತದೆ.

ಪೂರ್ವದ ಕಿಟಕಿಗೆ ವರ್ಷವಿಡೀ ಬೆಳಗಿನ ಎಳೆಬಿಸಿಲು ಸಿಗುತ್ತದೆ, ಆದರೆ ಮೂರು ನಾಲ್ಕು ತಾಸು ಅಷ್ಟೇ. ಪಶ್ಚಿಮದ್ದು ಬೇಸಿಗೆಯಲ್ಲಿ ಗಿಡವನ್ನು ಬಾಡಿಸುತ್ತದೆ. ಉತ್ತರದ ಕಿಟಕಿಯನ್ನು ನಂಬಬೇಡಿ. ಬಣ್ಣದ ಗಾಜು, ಸೊಳ್ಳೆ ಜಾಲರಿ, ದಪ್ಪ ಗ್ರಿಲ್ ಇವೆಲ್ಲ ಬೆಳಕನ್ನು ಇನ್ನಷ್ಟು ತಿನ್ನುತ್ತವೆ. ಕಿಟಕಿಯಿಂದ ಮೂರು ನಾಲ್ಕು ಅಡಿ ಒಳಗೆ ಬಂದರಂತೂ ಬೆಳಕು ತೀರಾ ಇಳಿದಿರುತ್ತದೆ.

ಆದ್ದರಿಂದ ನನ್ನ ಸಲಹೆ ನೇರ. ಮನೆಯೊಳಗೆ ಬೆಳೆಯುವುದಾದರೆ ಲೈಟ್ ಹಾಕಿಯೇ ಬೆಳೆಯಿರಿ. ಕಿಟಕಿಯ ಬಿಸಿಲನ್ನು ಮೇಲೆ ಸಿಕ್ಕ ಲಾಭ ಅಂದುಕೊಳ್ಳಿ.

ಯಾವ ಲೈಟ್?

ದುಬಾರಿ ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಮಾರುವ ದೀಪ) ಇಲ್ಲದೆಯೂ ನಡೆಯುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 4 ಅಡಿ ಉದ್ದದ, 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ ಎರಡು ತೆಗೆದುಕೊಳ್ಳಿ. ಡಬ್ಬಿಯ ಮೇಲೆ 6500 ಕೆ ಎಂದಿರುತ್ತದೆ. ಇದು ಬೆಳಕಿನ ಬಣ್ಣದ ಅಳತೆ. 6500 ಅಂದರೆ ಹಗಲಿನಂಥ ಬಿಳಿ. ಎರಡನ್ನೂ ಪಕ್ಕಪಕ್ಕ ಜೋಡಿಸಿ, ಗಿಡದ ತುದಿಯಿಂದ 15ರಿಂದ 20 ಸೆಂಟಿಮೀಟರ್ ಮೇಲೆ ತೂಗುಹಾಕಿ. ಸರಪಳಿ ಅಥವಾ ಗಟ್ಟಿ ದಾರದಲ್ಲಿ ಕಟ್ಟಿದರೆ ಗಿಡ ಬೆಳೆದಂತೆ ಮೇಲೆತ್ತಬಹುದು. ಇದರ ಕೆಳಗೆ ನಾಲ್ಕೈದು ಗಿಡ್ಡ ಗಿಡಗಳು ಆರಾಮವಾಗಿ ಬೆಳೆಯುತ್ತವೆ.

ಲೈಟನ್ನು ಸೀಲಿಂಗಿನಲ್ಲೇ ಬಿಟ್ಟು ಗಿಡವನ್ನು ನೆಲದ ಮೇಲಿಟ್ಟರೆ ಏನೂ ಪ್ರಯೋಜನವಿಲ್ಲ. ಅಂತರ ಜಾಸ್ತಿಯಾದಂತೆ ಬೆಳಕು ಬೇಗ ಬೇಗ ಕಡಿಮೆಯಾಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ.

ದಿನಕ್ಕೆ 14ರಿಂದ 16 ತಾಸು ಉರಿಸಿ. 24 ತಾಸು ಉರಿಸಿದರೆ ಇನ್ನೂ ಬೇಗ ಬೆಳೆಯುತ್ತದೆ ಅಂದುಕೊಳ್ಳಬೇಡಿ. ಟೊಮೆಟೊ ಗಿಡಕ್ಕೆ ಕತ್ತಲು ಬೇಕೇ ಬೇಕು, ಬಿಡುವಿಲ್ಲದೆ ಬೆಳಕು ಬಿದ್ದರೆ ಎಲೆಗಳು ಬಿಳುಚಿ ಹಾಳಾಗುತ್ತವೆ. ಒಂದು ಟೈಮರ್ ಪ್ಲಗ್ ಹಾಕಿಬಿಡಿ, ಮರೆವಿನ ಚಿಂತೆ ಇರುವುದಿಲ್ಲ.

ಕರೆಂಟ್ ಬಿಲ್ ಲೆಕ್ಕ ಹೀಗೆ: ಎರಡು ಲೈಟ್ ಸೇರಿ 40 ವ್ಯಾಟ್, ದಿನಕ್ಕೆ 14 ತಾಸು, 30 ದಿನ. ಒಟ್ಟು 16.8 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 100 ರೂಪಾಯಿ.

ಎಚ್ಚರ: ಆನ್‌ಲೈನ್‌ನಲ್ಲಿ "1000 ವ್ಯಾಟ್" ಎಂದು ಬರೆದ ನೇರಳೆ ಬಣ್ಣದ ಲೈಟುಗಳು ಅಗ್ಗಕ್ಕೆ ಸಿಗುತ್ತವೆ. ಆ ದೊಡ್ಡ ಅಂಕಿಯನ್ನು ನೋಡಬೇಡಿ. ಅದು ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದನ್ನು ವಿವರದಲ್ಲಿ ಹುಡುಕಿ. ಬಹಳ ಸಲ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಮೇಲಾಗಿ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾಗಿದೆಯೋ, ಹುಳು ಬಿದ್ದಿದೆಯೋ ಗೊತ್ತಾಗುವುದಿಲ್ಲ.

ಹಂತ 2: ಗಿಡ್ಡ ತಳಿಯನ್ನೇ ಆರಿಸಿ

ಬೀಜದ ಪ್ಯಾಕೆಟ್ ಮೇಲೆ ಎರಡು ಪದಗಳನ್ನು ಹುಡುಕಿ. 'ಡಿಟರ್ಮಿನೇಟ್' ಎಂದಿದ್ದರೆ ಒಂದು ಎತ್ತರಕ್ಕೆ ಬಂದು ನಿಲ್ಲುವ ಗಿಡ. 'ಇನ್‌ಡಿಟರ್ಮಿನೇಟ್' ಎಂದಿದ್ದರೆ ಬದುಕಿರುವಷ್ಟು ಕಾಲ ಬಳ್ಳಿಯ ಹಾಗೆ ಬೆಳೆಯುತ್ತಲೇ ಹೋಗುವ ಗಿಡ. ಮನೆಯೊಳಗೆ ಮೊದಲನೆಯದೇ ವಾಸಿ.

ಅದರಲ್ಲೂ 'ಮೈಕ್ರೋ ಡ್ವಾರ್ಫ್' ಅಂತ ಕರೆಯುವ ಪುಟಾಣಿ ತಳಿಗಳಿವೆ. ಮೈಕ್ರೋ ಟಾಮ್ 15ರಿಂದ 20 ಸೆಂಟಿಮೀಟರ್ ಎತ್ತರಕ್ಕೆ ನಿಂತುಬಿಡುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದ ತಳಿ ಇದು, ಅಲಂಕಾರದ ಗಿಡವಾಗಿ ಇಡಲೆಂದೇ ಮಾಡಿದ್ದು. ರೆಡ್ ರಾಬಿನ್ ಸುಮಾರು ಒಂದು ಅಡಿ. ಟೈನಿ ಟಿಮ್ ಒಂದೂವರೆ ಅಡಿವರೆಗೆ ಬರುತ್ತದೆ. ರುಚಿಯಲ್ಲಿ ಮೈಕ್ರೋ ಟಾಮ್ ಸಾಧಾರಣ, ನನಗೆ ರೆಡ್ ರಾಬಿನ್ ಹೆಚ್ಚು ಇಷ್ಟ.

ಸನ್ ಗೋಲ್ಡ್, ಸ್ವೀಟ್ 100 ಇಂಥವು ಸಕ್ಕರೆಯಂಥ ಸಿಹಿ. ಆದರೆ ಆಳೆತ್ತರ ದಾಟಿ ಹೋಗುತ್ತವೆ. ಅವುಗಳ ಬುಡದಿಂದ ತುದಿಯವರೆಗೆ ಮನೆಯೊಳಗೆ ಬೆಳಕು ಕೊಡುವುದು ಕಷ್ಟ. ಗಿಡ್ಡ ತಳಿಯಲ್ಲಿ ಒಂದು ಬೆಳೆ ತೆಗೆದ ಮೇಲೆ ಅವುಗಳಿಗೆ ಕೈ ಹಾಕಿ.

ಅಂಗಡಿಯ ಚೆರ್ರಿ ಟೊಮೆಟೊ ಹಣ್ಣಿನ ಬೀಜ ಹಾಕಬಹುದಾ ಅಂತಲೂ ಕೇಳುತ್ತಾರೆ. ಮೊಳೆಯುತ್ತದೆ. ಆದರೆ ಅವು ಹೆಚ್ಚಾಗಿ ಹೈಬ್ರಿಡ್, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ್ದು. ಮಕ್ಕಳ ಗಿಡ ತಾಯಿಯ ಹಾಗೇ ಇರುತ್ತದೆಂಬ ಖಾತ್ರಿ ಇಲ್ಲ. ಜೊತೆಗೆ ಅವು ಸಾಮಾನ್ಯವಾಗಿ ಬಳ್ಳಿ ಜಾತಿಯವು. ನಾನೇ ಒಮ್ಮೆ "ಗಿಡ್ಡ ಚೆರ್ರಿ" ಎಂದು ಬರೆದಿದ್ದ ಪ್ಯಾಕೆಟ್ ತಂದು ಮೂರು ತಿಂಗಳು ಸಾಕಿದೆ. ಐದಡಿ ಬೆಳೆದು ಮಾಮೂಲಿ ಸಾರಿನ ಟೊಮೆಟೊ ಬಿಟ್ಟಿತು. ತಳಿಯ ಹೆಸರು ಸ್ಪಷ್ಟವಾಗಿ ಬರೆಯದ ಪ್ಯಾಕೆಟ್ ಬೇಡ.

ಹಂತ 3: ಸಾಮಾನು

ಒಂದು ಗಿಡ್ಡ ಗಿಡಕ್ಕೆ 6ರಿಂದ 8 ಇಂಚಿನ, 3 ಲೀಟರ್ ಹಿಡಿಯುವ ಕುಂಡ ಸಾಕು. ಟೈನಿ ಟಿಮ್‌ನಂಥದ್ದಕ್ಕೆ 5 ಲೀಟರ್. ಬಳ್ಳಿ ಜಾತಿಗೆ 15 ಲೀಟರಿಗೆ ಕಡಿಮೆ ಬೇಡ. ಕುಂಡದ ತಳದಲ್ಲಿ ತೂತು ಇರಲೇಬೇಕು, ಕೆಳಗೊಂದು ತಟ್ಟೆ ಇರಲಿ.

ಮಣ್ಣಿನ ಮಿಶ್ರಣ, ಮೂರು ಕುಂಡಗಳಿಗೆ ಆಗುವಷ್ಟು:

- ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್: 4 ಲೀಟರ್
- ಚೆನ್ನಾಗಿ ಕಳಿತ ಎರೆಗೊಬ್ಬರ: 3 ಲೀಟರ್
- ಜರಡಿ ಹಿಡಿದ ಕೆಮ್ಮಣ್ಣು: 2 ಲೀಟರ್
- ಪರ್ಲೈಟ್ (ಅರಳಿನ ಹಾಗಿರುವ ಹಗುರ ಬಿಳಿ ಕಲ್ಲು) ಅಥವಾ ದಪ್ಪ ಮರಳು: 1 ಲೀಟರ್
- ಬೇವಿನ ಹಿಂಡಿ: ಒಂದು ಹಿಡಿ

ಕೋಕೋಪೀಟನ್ನು ಇಟ್ಟಿಗೆಯಿಂದ ನೇರ ಬಳಸಬೇಡಿ. ಅದರಲ್ಲಿ ಉಪ್ಪಿನಂಶ ಇರಬಹುದು. ನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ನೀರು ಹಾಕಿ ಹಿಂಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು. 650 ಗ್ರಾಮಿನ ಒಂದು ಇಟ್ಟಿಗೆ ಉಬ್ಬಿ 8 ಲೀಟರಿನಷ್ಟಾಗುತ್ತದೆ.

ಮಿಶ್ರಣದ ಹದ ಹೀಗೆ ನೋಡಿ: ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಬೇಕು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಉಂಡೆ ಹಾಗೇ ಗಟ್ಟಿಯಾಗಿ ನಿಂತರೆ ಮಣ್ಣು ಜಾಸ್ತಿಯಾಗಿದೆ.

ಹಸಿ ಸಗಣಿ, ಅರ್ಧ ಕಳಿತ ಅಡುಗೆಮನೆ ಗೊಬ್ಬರ ಮನೆಯೊಳಗೆ ಬೇಡವೇ ಬೇಡ. ನೊಣ, ವಾಸನೆ ಎರಡೂ ಬರುತ್ತವೆ. ಮೊಟ್ಟೆ ಸಿಪ್ಪೆಯನ್ನು ಸುಮ್ನೆ ಕುಂಡದ ಮೇಲೆ ಉದುರಿಸುವುದರಿಂದಲೂ ಈ ಬೆಳೆಗೆ ಏನೂ ಸಿಗುವುದಿಲ್ಲ, ಅದು ಕರಗುವಷ್ಟರಲ್ಲಿ ಗಿಡದ ಆಯುಸ್ಸೇ ಮುಗಿದಿರುತ್ತದೆ.

ಇವೆಲ್ಲ ಯಾವುದೇ ನರ್ಸರಿಯಲ್ಲಿ ಸಿಗುತ್ತವೆ. ಬೆಂಗಳೂರಿನವರಿಗೆ ಲಾಲ್‌ಬಾಗ್ ಪಕ್ಕದ ಸಿದ್ಧಾಪುರದ ನರ್ಸರಿ ಸಾಲು ಇದೆ. ಗಿಡ್ಡ ತಳಿಯ ಬೀಜ ಮಾತ್ರ ಆನ್‌ಲೈನ್‌ನಲ್ಲೇ ಹುಡುಕಬೇಕಾಗಬಹುದು.

ಹಂತ 4: ಬೀಜ ಹಾಕುವುದು

1. ಪೇಪರ್ ಕಪ್‌ಗಳ ತಳಕ್ಕೆ ತೂತು ಮಾಡಿ, ತೊಳೆದ ಕೋಕೋಪೀಟ್ ಮತ್ತು ಸ್ವಲ್ಪ ಎರೆಗೊಬ್ಬರ ತುಂಬಿ. ಈ ಹಂತದಲ್ಲಿ ಕೆಮ್ಮಣ್ಣು ಬೇಡ.
2. ಒಂದು ಕಪ್‌ಗೆ ಎರಡು ಬೀಜ, ಅರ್ಧ ಸೆಂಟಿಮೀಟರ್ ಆಳಕ್ಕೆ. ಜಾಸ್ತಿ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ.
3. ನೀರು ಚಿಮುಕಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಿ. 25 ಡಿಗ್ರಿಯ ಆಸುಪಾಸಿನಲ್ಲಿ 5ರಿಂದ 10 ದಿನಕ್ಕೆ ಮೊಳಕೆ ಬರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ತಡವಾಗುತ್ತದೆ.
4. ಮೊದಲ ಮೊಳಕೆ ತಲೆ ಎತ್ತಿದ ದಿನವೇ ಪ್ಲಾಸ್ಟಿಕ್ ತೆಗೆದು ಲೈಟಿನ ಕೆಳಗಿಡಿ. ಇದನ್ನು ನಾಳೆಗೆ ಬಿಡಬೇಡಿ. ಒಂದೆರಡು ದಿನ ಕತ್ತಲಲ್ಲಿ ಉಳಿದರೂ ಸಸಿ ನೂಲಿನಂತೆ ಉದ್ದ ಎಳೆದುಕೊಂಡು ಅಡ್ಡ ಬೀಳುತ್ತದೆ.
5. ಎರಡೂ ಮೊಳೆತರೆ ಬಲವಾದದ್ದನ್ನು ಉಳಿಸಿ, ಇನ್ನೊಂದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ.

ನೆಟ್ಟಗಿದ್ದ ಸಸಿ ಒಂದು ಬೆಳಿಗ್ಗೆ ಬುಡದಲ್ಲಿ ಕಪ್ಪಾಗಿ, ತೆಳುವಾಗಿ ಮಗುಚಿ ಬಿದ್ದಿದ್ದರೆ ಅದು ಶಿಲೀಂಧ್ರದಿಂದ ಬರುವ ಬುಡಕೊಳೆ ರೋಗ. ಆ ಸಸಿ ಉಳಿಯುವುದಿಲ್ಲ. ಉಳಿದವನ್ನು ಕಾಪಾಡಲು ನೀರನ್ನು ಮೇಲಿನಿಂದ ಹಾಕುವುದು ನಿಲ್ಲಿಸಿ. ತಟ್ಟೆಗೆ ನೀರು ಹಾಕಿ ಕಪ್ ಹೀರಲು ಬಿಡಿ, ಹದಿನೈದು ನಿಮಿಷದ ನಂತರ ಮಿಕ್ಕಿದ್ದನ್ನು ಚೆಲ್ಲಿ. ಒಂದು ಸಣ್ಣ ಫ್ಯಾನ್ ದೂರದಿಂದ ನಿಧಾನಕ್ಕೆ ತಿರುಗುತ್ತಿರಲಿ. ಗಾಳಿಗೆ ಕಾಂಡವೂ ಗಟ್ಟಿಯಾಗುತ್ತದೆ.

ಹಂತ 5: ಕುಂಡಕ್ಕೆ ವರ್ಗಾಯಿಸುವುದು

ಮೊದಲು ಬರುವ ಜೋಡಿ ಎಲೆ ಬೀಜದೆಲೆ, ನಯವಾಗಿ ಉದ್ದಗಿರುತ್ತದೆ. ಆಮೇಲೆ ಬರುವ ಹಲ್ಲುಹಲ್ಲಾದ ಎಲೆಗಳೇ ನಿಜವಾದ ಟೊಮೆಟೊ ಎಲೆ. ಅಂಥವು ಮೂರು ನಾಲ್ಕು ಬಂದಾಗ, ಅಂದರೆ ಮೂರ್ನಾಲ್ಕು ವಾರಕ್ಕೆ, ದೊಡ್ಡ ಕುಂಡಕ್ಕೆ ನೆಡಿ.

ನೆಡುವಾಗ ಬೀಜದೆಲೆಯ ಮಟ್ಟದವರೆಗೆ ಕಾಂಡವನ್ನು ಮಣ್ಣಿನಲ್ಲಿ ಹೂಳಿ. ಬದನೆಗೋ ಮೆಣಸಿಗೋ ಇಷ್ಟು ಆಳ ಹೂಳುವ ಅಭ್ಯಾಸವಿಲ್ಲ, ಆದರೆ ಟೊಮೆಟೊ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಬೇರು ಹೆಚ್ಚಿದಷ್ಟೂ ಒಳ್ಳೆಯದು. ಸ್ವಲ್ಪ ಉದ್ದ ಎಳೆದುಕೊಂಡ ಸಸಿಯನ್ನೂ ಹೀಗೆ ಸರಿಪಡಿಸಬಹುದು.

ಗಿಡ್ಡ ತಳಿಗಳ ಕುಡಿ ಚಿವುಟಬೇಡಿ. ಎಲೆ ಮತ್ತು ಕಾಂಡದ ಸಂದಿಯಲ್ಲಿ ಬರುವ ಬಗಲ ಚಿಗುರು ತೆಗೆಯಬೇಕು ಅಂತ ಎಲ್ಲೋ ಓದಿರುತ್ತೀರಿ. ಅದು ಬಳ್ಳಿ ಜಾತಿಗೆ ಹೇಳಿದ್ದು. ಗಿಡ್ಡ ಗಿಡದಲ್ಲಿ ಆ ಚಿಗುರುಗಳಲ್ಲೇ ಹಣ್ಣು ಬರುವುದು, ತೆಗೆದರೆ ಬೆಳೆಯೇ ಹೋಯಿತು. ಕಾಯಿ ಭಾರಕ್ಕೆ ವಾಲದಂತೆ ಒಂದು ಸಣ್ಣ ಕಡ್ಡಿ ಆಸರೆ ಕೊಟ್ಟರೆ ಸಾಕು.

ಹಂತ 6: ನೀರು, ಗೊಬ್ಬರ

ನೀರಿಗೆ ವೇಳಾಪಟ್ಟಿ ಬೇಡ. ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ತೇವ ಇದ್ದರೆ ಬಿಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಬೇರು ಉಸಿರಾಡಬೇಕು.

ಕಾವೇರಿ ನೀರಾದರೂ ಸರಿ, ಬೋರ್‌ವೆಲ್ ನೀರಾದರೂ ಸರಿ. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ ಕೆಲವರು ಆರ್‌ಓ ಫಿಲ್ಟರ್ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುತ್ತಾರೆ. ಸಣ್ಣ ಕುಂಡಕ್ಕೆ ಅದು ಬೇಡ, ಅದರಲ್ಲಿ ಲವಣ ದಟ್ಟವಾಗಿರುತ್ತದೆ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆಯ ಅಂಚು ಸುಟ್ಟಂತಾಗುತ್ತದೆ. ಆ ನೀರು ನೆಲ ಒರೆಸಲಿಕ್ಕಾಗಲಿ.

ಒಂದು ದಿನ ಪೂರ್ತಿ ಒಣಗಿಸಿ, ಮರುದಿನ ಕೊಡಗಟ್ಟಲೆ ಸುರಿಯುವುದೂ ತಪ್ಪು. ಹಣ್ಣು ಸೀಳುತ್ತದೆ. ಕಾಯಿಯ ತುದಿ ಕಪ್ಪಾಗಿ ತಗ್ಗು ಬಿದ್ದರೆ ಅದಕ್ಕೂ ಹೆಚ್ಚಾಗಿ ಇದೇ ಕಾರಣ. ಅದು ಕ್ಯಾಲ್ಸಿಯಂ ಕೊರತೆಯ ಲಕ್ಷಣ ಅನ್ನುವುದು ನಿಜ, ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದನ್ನು ಕಾಯಿಗೆ ಹೊತ್ತೊಯ್ಯುವುದು ನೀರು. ನೀರು ಏರುಪೇರಾದರೆ ಅದು ಕಾಯಿಗೆ ತಲುಪುವುದಿಲ್ಲ.

ಗೊಬ್ಬರದ ವಿಷಯಕ್ಕೆ ಬರೋಣ. ಪ್ಯಾಕೆಟ್ ಮೇಲಿನ 19:19:19 ಎಂಬ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್ ಪ್ರಮಾಣ. ಸಾರಜನಕ ಎಲೆಗೆ, ಪೊಟ್ಯಾಷ್ ಹೂವು ಹಣ್ಣಿಗೆ ಅಂತ ಸ್ಥೂಲವಾಗಿ ನೆನಪಿಡಿ.

ವರ್ಗಾಯಿಸಿದ ಮೊದಲ ಎರಡು ಮೂರು ವಾರ ಏನೂ ಬೇಡ, ಎರೆಗೊಬ್ಬರವೇ ಸಾಕು. ಆಮೇಲೆ ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 1 ಗ್ರಾಂ, ಅಂದರೆ ಕಾಲು ಟೀ ಚಮಚಕ್ಕಿಂತ ಹೆಚ್ಚಲ್ಲದಷ್ಟು, 19:19:19 ಕರಗಿಸಿ ಕೊಡಿ. ಹೂಮೊಗ್ಗು ಕಂಡ ಮೇಲೆ ಒಂದು ವಾರ ಅದು, ಇನ್ನೊಂದು ವಾರ 13:0:45 ಅದೇ ಪ್ರಮಾಣದಲ್ಲಿ. ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಹರಿಸಿ ಕುಂಡ ತೊಳೆಯಿರಿ.

ಗಿಡ ಕಡುಹಸಿರಾಗಿ ಸೊಕ್ಕಿ ಬೆಳೆದು ಹೂವೇ ಬಿಡದಿದ್ದರೆ ಸಾರಜನಕ ಜಾಸ್ತಿಯಾಗಿದೆ. ಗೊಬ್ಬರ ನಿಲ್ಲಿಸಿ. ಈ ಸ್ಥಿತಿಯಲ್ಲಿ ಇನ್ನಷ್ಟು ಹಾಕುವವರೇ ಹೆಚ್ಚು.

ಹಂತ 7: ಹೂ ಬಂತು. ಈಗ ನೀವೇ ದುಂಬಿ

ಆ ಪ್ರಶ್ನೆಯ ಇನ್ನರ್ಧ ಉತ್ತರ ಇಲ್ಲಿದೆ.

ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ. ಇನ್ನೊಂದು ಗಿಡ ಬೇಕಿಲ್ಲ. ಹೂವಿನ ನಡುವೆ ಕೆಳಮುಖವಾಗಿ ಹಳದಿ ಕೊಳವೆಯೊಂದು ಕಾಣುತ್ತದೆ, ಅಲ್ವಾ? ಅದು ಪರಾಗದ, ಅಂದರೆ ಹೂವಿನ ಗಂಡು ಪುಡಿಯ ಚೀಲ. ಹೆಣ್ಣು ಭಾಗ ಆ ಕೊಳವೆಯ ಒಳಗೇ ಇದೆ. ಆದರೆ ಪುಡಿ ತಾನಾಗಿ ಸುಲಭಕ್ಕೆ ಹೊರಬರುವುದಿಲ್ಲ. ಉಪ್ಪಿನ ಡಬ್ಬಿಯನ್ನು ಬೋರಲು ಹಿಡಿದು ಅಲುಗಿಸಿದರೆ ಮಾತ್ರ ಉಪ್ಪು ಉದುರುವಂತೆ, ಹೂವು ನಡುಗಿದರೆ ಮಾತ್ರ ಪುಡಿ ಉದುರುತ್ತದೆ.

ಹೊಲದಲ್ಲಿ ಗಾಳಿ ಆ ಕೆಲಸ ಮಾಡುತ್ತದೆ. ಮರ ಕೊರೆಯುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನಿನ ಜಾತಿಯ ಹುಳು, ಇವು ಹೂವನ್ನು ತಬ್ಬಿ ಹಿಡಿದು ಝುಂಯ್ ಎಂದು ಮೈ ನಡುಗಿಸುತ್ತವೆ. ನಾವು ಪೆಟ್ಟಿಗೆಯಲ್ಲಿ ಸಾಕುವ ಜೇನುಹುಳುವಿಗೆ ಈ ವಿದ್ಯೆ ಇಲ್ಲ. ಮುಚ್ಚಿದ ಕೋಣೆಗೆ ಇವು ಯಾವುವೂ ಬರುವುದಿಲ್ಲ. ಹಾಗಾಗಿ:

1. ಹೂವಿನ ಎಸಳು ಪೂರ್ತಿ ಬಿಚ್ಚಿ ಹಿಂದಕ್ಕೆ ಬಾಗುವವರೆಗೆ ಕಾಯಿರಿ. ಮೊಗ್ಗಿನಲ್ಲಿ ಅಲುಗಿಸಿ ಪ್ರಯೋಜನವಿಲ್ಲ.
2. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ ಮಾಡಿ. ಆ ಹೊತ್ತಿಗೆ ಪುಡಿ ಒಣಗಿ ಸಡಿಲವಾಗಿರುತ್ತದೆ.
3. ಬ್ಯಾಟರಿ ಟೂತ್‌ಬ್ರಷ್ ಇದ್ದರೆ, ಅದರ ಹಿಂಬದಿಯನ್ನು ಹೂಗೊಂಚಲಿನ ತೊಟ್ಟಿಗೆ ಎರಡು ಮೂರು ಸೆಕೆಂಡ್ ತಾಗಿಸಿ. ಹೂವಿಗೇ ಒತ್ತಬೇಡಿ. ಚೆನ್ನಾಗಿ ಆದಾಗ ಹಳದಿ ಧೂಳು ಉದುರುವುದು ಬೆಳಕಿಗೆ ಕಾಣುತ್ತದೆ.
4. ಬ್ರಷ್ ಇಲ್ಲದಿದ್ದರೆ ಗೊಂಚಲಿನ ತೊಟ್ಟನ್ನು ಬೆರಳ ತುದಿಯಿಂದ ಮೆಲ್ಲಗೆ ಏಳೆಂಟು ಸಲ ತಟ್ಟಿ.
5. ಹೊಸ ಹೂ ಬರುತ್ತಿರುವಷ್ಟು ದಿನ ಇದನ್ನು ದಿನಕ್ಕೊಮ್ಮೆ, ಕೊನೇ ಪಕ್ಷ ದಿನ ಬಿಟ್ಟು ದಿನ ಮಾಡಿ.

ಕೆಲವು ದಿನಗಳಲ್ಲಿ ಎಸಳು ಒಣಗಿ ಅದರ ಹಿಂದೆ ಹಸಿರು ಸಾಸಿವೆಕಾಳು ಕಂಡರೆ ಕಾಯಿ ಕಚ್ಚಿತು. ಹೂವಿನ ತೊಟ್ಟಿನಲ್ಲಿರುವ ಗೆಣ್ಣು ಹಳದಿಯಾದರೆ ಆ ಹೂ ಉದುರುತ್ತದೆ.

ಅಲುಗಿಸಿದರೂ ಉದುರುತ್ತಿದ್ದರೆ ಸೆಖೆ ನೋಡಿ. ಹಗಲು 35 ಡಿಗ್ರಿ ಮೀರಿದರೆ, ರಾತ್ರಿಯೂ 25ರ ಮೇಲೆ ನಿಂತರೆ ಪರಾಗ ಕೆಡುತ್ತದೆ. ಬೆಂಗಳೂರು, ಮೈಸೂರು, ಹಾಸನದ ಮನೆಗಳಲ್ಲಿ ಈ ತೊಂದರೆ ಅಪರೂಪ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಜ ಹಾಕಿ, ಚಳಿಗಾಲದಲ್ಲಿ ಹೂ ಬರುವಂತೆ ನೋಡಿಕೊಳ್ಳಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದ ತೇವಕ್ಕೆ ಪುಡಿ ಅಂಟಂಟಾಗಿ ಉದುರುವುದೇ ಇಲ್ಲ, ಮಳೆ ಮುಗಿದ ಮೇಲೆ ಶುರು ಮಾಡುವುದು ವಾಸಿ. ಚಳಿ ದೇಶಗಳಲ್ಲಿರುವ ಕನ್ನಡಿಗರಿಗೆ ಸಮಸ್ಯೆ ಇದಕ್ಕೆ ಉಲ್ಟಾ: ರಾತ್ರಿ 13 ಡಿಗ್ರಿಗಿಂತ ಕೆಳಗಿಳಿಯುವ ಕಿಟಕಿ ಕಟ್ಟೆಯ ಮೇಲೆ ಗಿಡ ಇಡಬೇಡಿ. ಅಲ್ಲಿಯ ಚಳಿಗಾಲದ ಗಿಡ್ಡ ಹಗಲಿಗೆ ಲೈಟ್ ಇಲ್ಲದೆ ಆಗುವುದೇ ಇಲ್ಲ.

ಹಂತ 8: ಹುಳು, ರೋಗ

ಮನೆಯೊಳಗೆ ಹುಳು ಬರುವುದಿಲ್ಲ ಅನ್ನುವುದು ತಪ್ಪು ತಿಳುವಳಿಕೆ. ಬರುವುದು ಕಡಿಮೆ, ಆದರೆ ಬಂದರೆ ಅವನ್ನು ತಿನ್ನುವ ಗುಲಗಂಜಿ ಹುಳು, ಜೇಡ ಇಲ್ಲಿ ಇರುವುದಿಲ್ಲ. ಅದಕ್ಕೇ ಬೇಗ ಹೆಚ್ಚುತ್ತವೆ. ವಾರಕ್ಕೆರಡು ಸಲ ಎಲೆಯನ್ನು ಮಗುಚಿ ಅಡಿಭಾಗ ನೋಡಿ.

ಬಿಳಿನೊಣ: ಗಿಡ ಅಲುಗಿಸಿದರೆ ಬಿಳಿ ಪುಡಿಯಂತೆ ಹಾರುತ್ತವೆ. ಹೆಚ್ಚು ಹೆದರಬೇಕಾದ್ದು ಇದಕ್ಕೇ, ಎಲೆ ಮುದುರು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹರಡುವುದು ಇದು. ತುದಿಯ ಎಲೆಗಳು ಚಿಕ್ಕದಾಗಿ, ಹಳದಿ ಅಂಚಿನೊಂದಿಗೆ ಮೇಲ್ಮುಖವಾಗಿ ಮುದುರಿ, ಗಿಡದ ಬೆಳವಣಿಗೆ ಕುಂಠಿತವಾದರೆ ಔಷಧಿ ಇಲ್ಲ. ಆ ಗಿಡವನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ. ಬೇಜಾರಾಗುತ್ತದೆ, ಆದರೆ ಉಳಿದ ಗಿಡಗಳಿಗಾಗಿ ಮಾಡಲೇಬೇಕು. ಹಳದಿ ಅಂಟುಹಾಳೆ ಒಂದನ್ನು ಮೊದಲಿನಿಂದಲೇ ತೂಗುಹಾಕಿದ್ದರೆ ಇವು ಬಂದದ್ದು ಬೇಗ ತಿಳಿಯುತ್ತದೆ.

ಜೇಡನುಸಿ: ಒಣ ಗಾಳಿಯಲ್ಲಿ ಬರುತ್ತದೆ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ. ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಅಡಿಗೆ ನೀರು ಹೊಡೆದು ತೊಳೆಯಿರಿ, ಮೂರು ದಿನಕ್ಕೊಮ್ಮೆ.

ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ ನೀರು ಜಾಸ್ತಿ ಹಾಕುತ್ತಿದ್ದೀರಿ ಅಂತ ಅರ್ಥ. ಮೇಲ್ಮಣ್ಣು ಒಣಗಲು ಬಿಡಿ.

ಸಸ್ಯಹೇನು (ಎಳೆ ಚಿಗುರಿನ ರಸ ಹೀರುವ ಸಣ್ಣ ಹುಳು), ಬಿಳಿನೊಣಗಳಿಗೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ ಹಾಕಿ ಚೆನ್ನಾಗಿ ಕಲಕಿ ಸಿಂಪಡಿಸಿ. ರಾತ್ರಿ, ಲೈಟ್ ಆರಿಸಿ, ಪ್ಲಗ್ ತೆಗೆದ ಮೇಲೆಯೇ. ಬೆಳಕಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ, ಕರೆಂಟಿನ ಹತ್ತಿರ ನೀರು ಅಪಾಯವೂ ಹೌದು.

ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು, ಹೊಗೆಸೊಪ್ಪು ಹಾಕುವವರು ಇದ್ದರೆ ಸೋಪಿನಿಂದ ಕೈ ತೊಳೆಯದೆ ಗಿಡ ಮುಟ್ಟಬಾರದು. ತಂಬಾಕಿನ ಮೊಸಾಯಿಕ್ ವೈರಸ್ ಟೊಮೆಟೊಗೂ ಹರಡುತ್ತದೆ. ಇನ್ನೊಂದು ಮಾತು, ಟೊಮೆಟೊ ಎಲೆ, ಕಾಂಡ ತಿನ್ನುವಂಥದ್ದಲ್ಲ. ಅಂಬೆಗಾಲಿಡುವ ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಎತ್ತರದಲ್ಲಿಡಿ.

ಹಂತ 9: ಕೊಯ್ಲು, ಮುಂದಿನ ಬೆಳೆಗೆ ಬೀಜ

ಗಿಡ್ಡ ತಳಿಗಳಲ್ಲಿ ಬೀಜ ಹಾಕಿದ ದಿನದಿಂದ ಸುಮಾರು ಮೂರು ತಿಂಗಳಿಗೆ ಮೊದಲ ಹಣ್ಣು. ಬಣ್ಣ ಪೂರ್ತಿ ತುಂಬಿ, ಮುಟ್ಟಿದರೆ ಚೂರು ಮೆತ್ತಗಾದ ಮೇಲೆ ತೊಟ್ಟು ಸಮೇತ ಕೀಳಿ. ಫ್ರಿಜ್ಜಿನಲ್ಲಿಡಬೇಡಿ, ತಣ್ಣಗಾದರೆ ಟೊಮೆಟೊದ ಪರಿಮಳ ಹೋಗುತ್ತದೆ.

ಎಷ್ಟು ಸಿಗುತ್ತದೆ ಅಂತ ಮೊದಲೇ ತಿಳಿದಿರಲಿ. ಮೈಕ್ರೋ ಟಾಮ್‌ನಂಥ ಒಂದು ಗಿಡದಿಂದ ಒಂದೆರಡು ಬಟ್ಟಲು ಹಣ್ಣು, ಅಷ್ಟೇ. ಕೋಸಂಬರಿಗೆ, ಮೊಸರುಬಜ್ಜಿಗೆ, ಮಕ್ಕಳು ಓಡಾಡುತ್ತ ಬಾಯಿಗೆ ಹಾಕಿಕೊಳ್ಳಲು ಚೆನ್ನ. ದಿನದ ಸಾರಿಗೆ ಕೋಲಾರದ ಟೊಮೆಟೊವೇ ಬೇಕು. ಸದಾ ಹಣ್ಣು ಇರಬೇಕೆಂದರೆ ಆರು ವಾರಕ್ಕೊಮ್ಮೆ ಎರಡು ಹೊಸ ಬೀಜ ಹಾಕುತ್ತಿರಿ. ಗಿಡ್ಡ ಗಿಡ ಒಂದು ಜೋರು ಬೆಳೆ ಕೊಟ್ಟು ಸೊರಗುತ್ತದೆ, ಅದನ್ನು ಉಳಿಸಲು ಒದ್ದಾಡಬೇಡಿ.

ಮೈಕ್ರೋ ಟಾಮ್, ಟೈನಿ ಟಿಮ್ ಸ್ಥಿರ ತಳಿಗಳಾದ್ದರಿಂದ ಅವುಗಳ ಬೀಜ ನೀವೇ ಮಾಡಿಕೊಳ್ಳಬಹುದು. ಪ್ಯಾಕೆಟ್ ಮೇಲೆ ಎಫ್1 ಎಂದಿದ್ದರೆ ಮಾತ್ರ ಬೇಡ, ಅದು ಹೈಬ್ರಿಡ್. ಚೆನ್ನಾಗಿ ಕಳಿತ ನಾಲ್ಕು ಹಣ್ಣು ಹಿಸುಕಿ, ಬೀಜ ಮತ್ತು ಲೋಳೆಯನ್ನು ಲೋಟಕ್ಕೆ ಹಾಕಿ ಸ್ವಲ್ಪ ನೀರು ಬೆರೆಸಿ. ಎರಡು ಮೂರು ದಿನ ಹುಳಿಯಲು ಬಿಡಿ, ವಾಸನೆ ಬಂದರೆ ಗಾಬರಿ ಬೇಡ. ಲೋಳೆ ಬಿಟ್ಟುಕೊಂಡ ಬೀಜ ತಳಕ್ಕೆ ಇಳಿಯುತ್ತದೆ. ಮೇಲಿನದ್ದನ್ನು ಚೆಲ್ಲಿ, ಟೀ ಸೋಸುವ ಜರಡಿಯಲ್ಲಿ ತೊಳೆದು, ಸ್ಟೀಲ್ ತಟ್ಟೆಯ ಮೇಲೆ ನೆರಳಿನಲ್ಲಿ ಹರವಿ. ಪೇಪರ್ ಮೇಲೆ ಹರವಿದರೆ ಅಂಟಿಕೊಂಡುಬಿಡುತ್ತವೆ. ಒಂದು ವಾರ ಒಣಗಿದ ಮೇಲೆ ಕಾಗದದ ಕವರಿಗೆ ಹಾಕಿ, ತಳಿಯ ಹೆಸರು, ತಿಂಗಳು, ವರ್ಷ ಬರೆದು ಗಾಳಿಯಾಡದ ಡಬ್ಬಿಯಲ್ಲಿಡಿ. ನಾಲ್ಕು ವರ್ಷದವರೆಗೂ ಚೆನ್ನಾಗಿ ಮೊಳೆಯುತ್ತವೆ.